ಸುಡದೆ, ಹುಗಿಯದೆ, ಹೊಳೆಗೆ ಬಿಡದೆ

ನಮ್ಮ ಮನೆಗೆ ಮುಂಬಾಗಿಲಿನಿಂದ ಬಂದು ಮುಂಬಾಗಿಲಿನಿಂದಲೇ ಹೋದವರೆಲ್ಲ ನನ್ನನ್ನು ಅಚ್ಚುಕಟ್ಟಾದ ಮನುಷ್ಯನೆಂದು ತಿಳಿದಿದ್ದಾರೆ. ಅಂಗಳದಲ್ಲಿ ತುಳಸಿಕಟ್ಟೆ, ಅದರ ಪಕ್ಕ ದಾಸವಾಳ, ಗುಡಿಸಿದ ನೆಲ, ಜಗಲಿಯಲ್ಲಿ ಸಾಲಾಗಿಟ್ಟ ಕುರ್ಚಿಗಳು. ಹಿಂಬಾಗಿಲು ತೆರೆದು ನೋಡಿದವರಿಗೆ ಮಾತ್ರ ನಿಜ ಗೊತ್ತು. ನನಗೆ ಯಾವುದನ್ನೂ ಎಸೆಯಲು ಬರುವುದಿಲ್ಲ. ಇದು ಜಿಪುಣತನವಲ್ಲ, ಜಿಪುಣನಾದವನು ಗುಜರಿಗಾದರೂ ಮಾರುತ್ತಾನೆ. ನನ್ನದು ಕೈಯ ದೋಷ. ಎಸೆಯಬೇಕೆಂದು ಎತ್ತಿಕೊಂಡ ವಸ್ತು ಕೈಯಲ್ಲೇ ಒಂದು ಸುತ್ತು ತಿರುಗುತ್ತದೆ, ‘ಯಾವತ್ತಾದರೂ ಬೇಕಾದೀತು’ ಅನ್ನಿಸುತ್ತದೆ, ಕೊನೆಗೆ ಹಿತ್ತಿಲಿನ ಯಾವುದೋ ತೆಂಗಿನ ಬುಡದಲ್ಲಿ ಹೋಗಿ ಕೂರುತ್ತದೆ. ಕುಂದಾಪುರದಿಂದ ಬೈಂದೂರಿಗೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನಾಗಿ ಆಯುಷ್ಯ ಕಳೆದವನು ನಾನು. ಬಾಗಿಲಲ್ಲಿ ಜನ ನೇತಾಡುತ್ತಿದ್ದರೂ ‘ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಉಂಟು’ ಎಂದು ಕೂಗಿ ಇನ್ನಷ್ಟು ಮಂದಿಯನ್ನು ತುರುಕಿದ ನಾಲಿಗೆ ಇದು. ಹಿತ್ತಿಲಿನ ವಿಷಯದಲ್ಲೂ ಅದೇ ಧೋರಣೆ ನಡೆಸಿದೆ. ಹತ್ತಿಸಿಕೊಂಡದ್ದೇ ಹೆಚ್ಚು, ಇಳಿಸಿದ್ದು ಯಾರನ್ನೂ ಇಲ್ಲ.

ಹಾಗೆಂದು ತಪ್ಪು ಪೂರ್ತಿ ನನ್ನದಲ್ಲ, ಅರ್ಧ ಕಡಲಿನದು. ನಾನು ಹುಟ್ಟಿದ ಮನೆ ಮರವಂತೆಯಲ್ಲಿ, ಅಲೆಯ ಸದ್ದಿಗೇ ಎಚ್ಚರಾಗಿ ಅಲೆಯ ಸದ್ದಿಗೇ ನಿದ್ದೆ ಬರುವಷ್ಟು ಕಡಲಿನ ಬದಿಗಿತ್ತು. ಅಪ್ಪಯ್ಯ ಮೀನು ಹಿಡಿಯುವವರು. ಒಂದು ಮಳೆಗಾಲ ಕಡಲು ನಮ್ಮ ತೆಂಗಿನಮರಗಳನ್ನು ಕೇಳಿತು, ಕೊಟ್ಟೆವು. ಮತ್ತೊಂದು ಮಳೆಗಾಲ ಅಂಗಳ ಕೇಳಿತು. ಬಾವಿಯ ನೀರು ಉಪ್ಪಾಯಿತು. ಮೂರನೆಯದಾಗಿ ಅದು ಏನು ಕೇಳುತ್ತದೆಂದು ಎಲ್ಲರಿಗೂ ಗೊತ್ತಿದ್ದುದರಿಂದ, ಅಪ್ಪಯ್ಯ ಮಳೆ ಹಿಡಿಯುವ ಮೊದಲೇ ಮನೆ ಬಿಚ್ಚಿದರು. ನಾವೆಲ್ಲ ತ್ರಾಸಿಯ ಒಳಗಡೆ ಅಬ್ಬಿಯ ತವರಿನವರು ಕೊಟ್ಟ ಜಾಗಕ್ಕೆ ಬಂದೆವು. ಅಬ್ಬಿ ಅಂದರೆ ನನ್ನ ತಾಯಿ. ನಮ್ಮ ಕಡೆ ಹಾಗೆಯೇ ಕರೆಯುವುದು. ಹಳೆಯ ಮನೆಯ ಹಂಚು, ಹಲಸಿನ ಮರದ ದಾರಂದ ಅಂದರೆ ಬಾಗಿಲ ಚೌಕಟ್ಟು, ಅರೆಯುವ ಕಲ್ಲು, ಬಚ್ಚಲಿನ ಕಲ್ಲಿನ ತೊಟ್ಟಿ, ಕೊನೆಗೆ ಅಪ್ಪಯ್ಯನ ಪುಟ್ಟ ಪಾತಿ ದೋಣಿಯೂ ಲಾರಿ ಹತ್ತಿ ನಮ್ಮ ಹಿಂದೆ ಬಂದವು. ‘ಇದನ್ನೆಲ್ಲ ಎಲ್ಲಿ ಇಡುವುದು?’ ಎಂದು ನಾನು ಕೇಳಿದ್ದಕ್ಕೆ ಅಪ್ಪಯ್ಯ, “ಇರ್ಲಿ ಮಗಾ, ಮತ್ತೆ ಕಟ್ಟೂಕಾತ್ತ್” ಅಂದರು. ಕಟ್ಟಿದ್ದು ಮಾತ್ರ ತಾರಸಿ ಮನೆ. ಅದಕ್ಕೆ ಹಂಚೂ ಬೇಡವಾಯಿತು, ಹಲಸಿನ ದಾರಂದವೂ ಬೇಡವಾಯಿತು. ಅಪ್ಪಯ್ಯ ತೀರಿಹೋದರು. ಅವರು ‘ಇರಲಿ’ ಅಂದದ್ದನ್ನು ‘ಸಾಕು’ ಅನ್ನುವ ಅಧಿಕಾರ ನನಗಿದೆಯೆಂದು ನನಗೆ ಯಾವತ್ತೂ ಅನ್ನಿಸಲಿಲ್ಲ. ಅದರ ಮೇಲೆ ನನ್ನ ಸ್ವಂತ ಸಂಪಾದನೆ ಸೇರಿತು: ಬಸ್ಸಿನ ಸವೆದ ಟಯರು, ಸ್ಪಂಜು ಹೊರಬಂದ ಸೀಟು, ಒಡೆದ ನೀರಿನ ಟಾಂಕಿ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಬೀಚಿಗೆ ಬಂದು ಬಿದ್ದ ನೈಲಾನ್ ಬಲೆಯ ರಾಶಿ. ಬಲೆ ಯಾಕೆ ತಂದೆಯೆಂದು ಕೇಳಬೇಡಿ. ಬಸಳೆ ಚಪ್ಪರಕ್ಕೆ ಕಟ್ಟಲಿಕ್ಕೆಂದು ತಂದದ್ದು, ಬಸಳೆ ನೆಡಲಿಲ್ಲ.

ಹೀಗೆ ನಾವೂ ಹಿತ್ತಿಲೂ ಪರಸ್ಪರ ಮುಖ ನೋಡದೆ ಸುಖವಾಗಿದ್ದಾಗ, ಹೋದ ಮಳೆಗಾಲದಲ್ಲಿ ನನ್ನ ಹೆಂಡತಿ ಜಲಜಳಿಗೆ ಜ್ವರ ಬಂತು. ಮಾಮೂಲಿ ಜ್ವರವೆಂದು ನಾನು ಶುಂಠಿ ಕಷಾಯ ಮಾಡಿ ಕೊಟ್ಟೆ. ಅದು ಕಷಾಯಕ್ಕೆ ಬಗ್ಗುವ ಜ್ವರವಾಗಿರಲಿಲ್ಲ, ಡೆಂಗಿ. ಕುಂದಾಪುರದ ಆಸ್ಪತ್ರೆಯಲ್ಲಿ ಅವಳು ಕಣ್ಣುಮುಚ್ಚಿ ಮಲಗಿದ್ದಾಗ, ಪಕ್ಕದ ಸ್ಟೂಲಿನಲ್ಲಿ ಕೂತು ನಾನು ಹೊತ್ತ ಹರಕೆಗಳ ಪಟ್ಟಿ ಇಲ್ಲಿ ಹೇಳುವಂಥದ್ದಲ್ಲ. ಕಿರಿಮಂಜೇಶ್ವರದ ದೇವರಿಂದ ಹಿಡಿದು ದಾರಿಬದಿಯ ಸಣ್ಣ ಗುಡಿಯವರೆಗೆ, ಬಸ್ಸು ನಿಲ್ಲುವ ಎಲ್ಲ ಸ್ಟಾಪಿನ ದೇವರಿಗೂ ಹೇಳಿಕೊಂಡೆ. ಅವಳು ಗುಣವಾಗಿ ಮನೆಗೆ ಬಂದ ವಾರದಲ್ಲೇ ಆಶಾ ಕಾರ್ಯಕರ್ತೆ ಬಂದಳು. ಚಿಕ್ಕ ಪ್ರಾಯದ ಹುಡುಗಿ, ಬಹಳ ಮರ್ಯಾದೆಯವಳು. ಮುಂಬಾಗಿಲಿನಿಂದ ಬಂದವಳು ನೇರ ಹಿಂಬಾಗಿಲಿಗೆ ಹೋದಳು. ಟಯರಿನೊಳಗೆ ಟಾರ್ಚು ಬಿಟ್ಟು, “ಕಾಣಿ ಸರ್” ಅಂದಳು. ಕಂಡೆ. ನೀರಿನಲ್ಲಿ ಸಣ್ಣ ಸಣ್ಣ ಕೊಕ್ಕೆಯಂಥ ಹುಳಗಳು ಕುಣಿಯುತ್ತಿದ್ದವು. ತೊಟ್ಟಿಯಲ್ಲಿ ಕಂಡೆ, ಟಾಂಕಿಯ ಒಡೆದ ತಳದಲ್ಲಿ ಕಂಡೆ, ಸೀಟಿನ ಸ್ಪಂಜಿನಲ್ಲಿಯೂ ಕಂಡೆ. ನಾನು ಜೋಪಾನ ಮಾಡಿಟ್ಟದ್ದೆಲ್ಲ ಯಾರಿಗೆ ಉಪಯೋಗಕ್ಕೆ ಬಂದಿತ್ತೆಂದು ಆವತ್ತು ತಿಳಿಯಿತು.

ಹುಡುಗಿ ಹೋದ ಮೇಲೆ ಜಲಜ ಬೊಬ್ಬೆ ಹೊಡೆಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ಜಗಲಿಯ ಕಂಬಕ್ಕೆ ಒರಗಿ ಕೂತು, ಜ್ವರದಿಂದ ಸಣ್ಣಗಾದ ಸ್ವರದಲ್ಲಿ, “ಹ್ವಾಯ್, ಒಂದೋ ಈ ಹಿತ್ಲ್ ಖಾಲಿ ಆಯ್ಕ್, ಇಲ್ದಿರೆ ನಾನ್ ಬ್ರಹ್ಮಾವರಕ್ಕೆ ತಂಗಿ ಮನಿಗ್ ಹೋತೆ. ಮತ್ತೆ ಬತ್ತಿಲ್ಲೆ” ಅಂದಳು.

ಖಾಲಿ ಮಾಡುವುದು ಏನು ಮಹಾ? ಒಂದು ಬೆಂಕಿಕಡ್ಡಿ ಸಾಕು, ಉಳಿದದ್ದಕ್ಕೆ ಹಿಂದೆ ಹೊಳೆ ಉಂಟು ಅಂದೆ. ಕಷಾಯದ ನಂತರ ಅದು ನನ್ನ ಎರಡನೆಯ ತಪ್ಪು. ಜಲಜ ಸ್ವಸಹಾಯ ಸಂಘದ ಸದಸ್ಯೆ. ಆ ಸಂಘದ ಹೆಂಗಸರೆಲ್ಲ ಪಂಚಾಯತಿನ ಸಭೆಯಲ್ಲಿ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿ ಬಂದವರು. “ಸುಡೂಕಾಗ, ಹುಗಿಯೂಕಾಗ, ಹೊಳಿಗ್ ಬಿಡೂಕಾಗ” ಎಂದು ಬೆರಳು ಮಡಚಿ ಹೇಳಿದಳು. “ಕೊಳಿಯುದನ್ನ ಕೊಳೆಸುದ್. ಬೇಕಾದವ್ರಿಗ್ ಕೊಡುದ್. ಉಳ್ದದ್ದನ್ನ ತೊಳ್ದ್ ಒಣಗ್ಸಿ ಪಂಚಾಯತಿ ಗಾಡಿಗ್ ಹಾಕುದ್. ತಿಳೀತಾ?”

ತಿಳಿಯಿತು. ಆದರೆ ಮನಸ್ಸು ಒಪ್ಪಲಿಲ್ಲ. ಯಾಕೆಂದರೆ ನಾನು ಸಣ್ಣವನಿದ್ದಾಗ ಹಿತ್ತಿಲನ್ನು ಯಾರೂ ಖಾಲಿ ಮಾಡಿದ್ದು ನನಗೆ ನೆನಪಿಲ್ಲ. ಆಗಿನ ಹಿತ್ತಿಲಿಗೆ ಒಳ್ಳೆ ಹಸಿವಿತ್ತು. ಕೊಟ್ಟದ್ದನ್ನೆಲ್ಲ ತಿನ್ನುತ್ತಿತ್ತು. ಮೀನು ತೊಳೆದ ನೀರು ಒಂದು ತೆಂಗಿಗೆ, ಅಕ್ಕಿ ತೊಳೆದದ್ದು ಇನ್ನೊಂದಕ್ಕೆ. ಯಾವ ಮರಕ್ಕೆ ಯಾವುದೆಂದು ಅಬ್ಬಿ ಸರದಿ ಇಟ್ಟಿದ್ದಳು. ಒಣಗಿದ ತೆಂಗಿನ ಮಡಲು ಬಚ್ಚಲ ಒಲೆಗೆ, ಅದರ ಕಡ್ಡಿ ಅಂಗಳ ಗುಡಿಸುವ ಹಿಡಿಸೂಡಿಗೆ, ಒಲೆಯ ಬೂದಿ ಪಾತ್ರೆ ತಿಕ್ಕಲಿಕ್ಕೆ. ಉಂಡ ಬಾಳೆಲೆ ದನ ತಿನ್ನುತ್ತಿತ್ತು, ದನ ಕೊಟ್ಟದ್ದು ಬಸಳೆಗೆ ಹೋಗುತ್ತಿತ್ತು. ಹರಿದ ಸೀರೆ ತೊಟ್ಟಿಲಾಗಿ, ತೊಟ್ಟಿಲು ಮಸಿಬಟ್ಟೆಯಾಗಿ, ಮಸಿಬಟ್ಟೆ ಎಲ್ಲಿಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು. ಕಸವೆಂಬ ಶಬ್ದಕ್ಕೆ ಗುಡಿಸುವುದು ಎಂಬುದರ ಆಚೆ ಅರ್ಥವೇ ಇರಲಿಲ್ಲ.

ಆ ಹಿತ್ತಿಲಿಗೆ ಮೊದಲ ಪ್ಲಾಸ್ಟಿಕ್ ಬಂದ ದಿನ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಬೊಂಬಾಯಿಯ ಹೋಟೆಲಿನಲ್ಲಿದ್ದ ದೊಡ್ಡಪ್ಪನ ಮಗ ಊರಿಗೆ ಬರುವಾಗ ಒಂದು ಕಿತ್ತಳೆ ಬಣ್ಣದ ಬಾಲ್ದಿ ತಂದ. ನೋಡಲಿಕ್ಕೆ ಕೇರಿಯ ಹೆಂಗಸರೆಲ್ಲ ಬಂದರು. ಒಬ್ಬರು ಬೆರಳಲ್ಲಿ ಬಡಿದು ನೋಡಿದರು, ಇನ್ನೊಬ್ಬರು ಎತ್ತಿ ನೋಡಿ, “ನೀರ್ ಹಾಕ್ದ್ರೆ ತೂಕ ಆತ್ತಾ?” ಎಂದು ಕೇಳಿದರು. ಅಬ್ಬಿ ಅದನ್ನು ಬಾವಿಕಟ್ಟೆಗೆ ಒಯ್ಯದೆ ದೇವರಕೋಣೆಯ ಹೊರಗೆ ಇಟ್ಟಿದ್ದಳು. ತಳ ಒಡೆದಾಗ ಅಪ್ಪಯ್ಯ ಕಾಯಿಸಿದ ಕತ್ತಿಯಿಂದ ಬೆಸೆದರು, ಕೈ ಮುರಿದಾಗ ಹಗ್ಗ ಕಟ್ಟಿದರು, ಮತ್ತೆ ಒಡೆದಾಗ ಮಣ್ಣು ತುಂಬಿ ಮಲ್ಲಿಗೆ ನೆಟ್ಟೆವು. ಇಷ್ಟೆಲ್ಲ ಗೌರವ ಪಡೆದ ಬಾಲ್ದಿಯನ್ನು ಹಿತ್ತಿಲು ಮಾತ್ರ ತಿನ್ನಲಿಲ್ಲ. ಮೂಸಿ ನೋಡಿ ಬಿಟ್ಟಿತು. ಅದಕ್ಕೆ ಹಸಿವು ಕೆಟ್ಟದ್ದು ಅಲ್ಲಿಂದಲೇ ಇರಬೇಕು.

ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಕೆಲಸ ಸುರುವಾಯಿತು. ಜಲಜ ಸೆರಗು ಸಿಕ್ಕಿಸಿ ನಿಂತಳು. ಪಕ್ಕದ ಮನೆಯ ಶೀನ ಸಹಾಯಕ್ಕೆ ಬಂದ. ಶೀನ ನನ್ನ ಪ್ರಾಯದವನು, ಒಟ್ಟಿಗೆ ಶಾಲೆಗೆ ಹೋದವನು, ಕೋಳಿ ಸಾಕುತ್ತಾನೆ, ಕೋಳಿಗಿಂತ ಹೆಚ್ಚು ಮಾತಾಡುತ್ತಾನೆ. ಅಬ್ಬಿಗೆ ಎಂಬತ್ತು ದಾಟಿದೆ. ಅವಳು ಹಿಂಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಎಲೆಯಡಿಕೆ ತಟ್ಟೆಯ ಸಮೇತ ಕೂತಳು. ನನ್ನ ಕೆಲಸ ಸಾಮಾನು ಎತ್ತಿಕೊಡುವುದು. ಆದರೆ ಎತ್ತಿದ್ದು ಕೈಬಿಡಬೇಕಲ್ಲ! ಪ್ರತಿಯೊಂದಕ್ಕೂ ನನ್ನಲ್ಲಿ ಒಂದು ಕತೆ ಇತ್ತು. ‘ಈ ಸೀಟು ಯಾವ ಬಸ್ಸಿನದ್ದು ಗೊತ್ತಾ, ಆ ನೆರೆ ಬಂದ ವರ್ಷ ಹೆದ್ದಾರಿಯಲ್ಲಿ ನೀರು ನಿಂತಾಗ...’ ಎಂದು ಸುರುಮಾಡಿದರೆ ಶೀನ ಕೆಲಸ ನಿಲ್ಲಿಸಿ ಕೂತೇಬಿಡುತ್ತಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ಕತೆ ಮುಗಿದಿದ್ದವು, ಸಾಮಾನು ಒಂದೂ ಹೊರಗೆ ಹೋಗಿರಲಿಲ್ಲ. ಜಲಜ ನನ್ನ ಕೈಗೆ ಹಳೆಯ ಬ್ರಷ್ಷು, ಸೋಪಿನ ನೀರು ಕೊಟ್ಟು ಪ್ಲಾಸ್ಟಿಕ್ ತೊಳೆಯುವ ವಿಭಾಗಕ್ಕೆ ವರ್ಗ ಮಾಡಿದಳು.

ಕಸವನ್ನು ಸೋಪು ಹಾಕಿ ತೊಳೆಯುವ ಕಾಲ ಬರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ಎಣ್ಣೆಯ ಡಬ್ಬಿ, ಹಾಲಿನ ಪ್ಲಾಸ್ಟಿಕ್ ತೊಟ್ಟೆ, ಗೊಬ್ಬರದ ಚೀಲ ಎಲ್ಲ ತೊಳೆದು ಬಟ್ಟೆಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ಸಾಲಾಗಿ ನೇತುಹಾಕಿದೆ. ಆ ಹೊತ್ತಿಗೆ ಮೀನು ಮಾರುವ ಗುಲಾಬಿಯಕ್ಕ ಬುಟ್ಟಿ ಹೊತ್ತು ಬಂದವಳು, ಹಗ್ಗವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, “ಎಂತ ಕಂಡಕ್ಟ್ರೇ, ಮನ್ಯಂಗ್ ಮದಿ ಇತ್ತಾ? ತೋರಣ ಕಟ್ಟಿದ್ರಿ?” ಅಂದಳು. ಮದುವೆ ತೋರಣದ ಮಾತಿಗೆ ಅಬ್ಬಿ ನಕ್ಕದ್ದು ಎಷ್ಟೆಂದರೆ ಬಾಯಿಯ ಎಲೆಯಡಿಕೆ ನೆತ್ತಿಗೇರಿತು.

ಬಲೆಯ ರಾಶಿ ಎಳೆಯುವಾಗ ನಗು ನಿಂತಿತು. ಒಳಗೆ ಒಂದು ಕೇರೆ ಹಾವು ಸಿಕ್ಕಿಬಿದ್ದಿತ್ತು. ನೈಲಾನು ಮೈಗೆ ಕೊರೆದು ಕೂತಿತ್ತು. ಎಷ್ಟು ದಿನದಿಂದಲೋ, ಒದ್ದಾಡುವ ತ್ರಾಣವೂ ಉಳಿದಿರಲಿಲ್ಲ. ನಾನು ಮಂಡಿ ನೋವನ್ನು ಮರೆತು ಬಾವಿಕಟ್ಟೆ ಹತ್ತಿ ನಿಂತೆ. ಶೀನ ಹತ್ತಿರ ಕೂತ. ಅಬ್ಬಿ ಕುರ್ಚಿಯಿಂದಲೇ ಅಡಕತ್ತರಿ ಎಸೆದಳು. ಶೀನ ಹಾವಿನ ತಲೆಯ ಮೇಲೆ ಗೋಣಿ ಮುಚ್ಚಿ, ಒಂದೊಂದೇ ಎಳೆ ಕತ್ತರಿಸಿ ಬಿಡಿಸಿದ. ಗೋಣಿ ಎತ್ತಿದ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ನಿಧಾನಕ್ಕೆ ಹಿತ್ತಿಲಿನ ಸುತ್ತಲಿನ ಕಲ್ಲಿನ ಪಾಗಾರದ ಸಂದಿಗೆ ಹೋಯಿತು. ಚಪ್ಪರಕ್ಕೆಂದು ತಂದ ಬಲೆಯ ಬಗ್ಗೆಯೂ ನನ್ನ ಬಳಿ ಒಂದು ಕತೆಯಿತ್ತು, ಹೇಳಲಿಲ್ಲ. ಅಲ್ಲಿಂದ ಮುಂದೆ ಪ್ಲಾಸ್ಟಿಕ್ ಸಾಮಾನುಗಳ ಪೈಕಿ ಒಂದನ್ನೂ ನಾನು ಹಿಡಿದಿಡಲಿಲ್ಲ. ಟಯರು, ಸೀಟು, ಟಾಂಕಿ, ಬಲೆ, ಕುರ್ಚಿ, ಮರವಂತೆಯಿಂದ ನಮ್ಮೊಟ್ಟಿಗೇ ಬಂದ ಕಿತ್ತಳೆ ಬಾಲ್ದಿಯ ಉಳಿದ ಚೂರು ಎಲ್ಲವೂ ಶುಭ್ರವಾಗಿ, ಮದುವೆ ದಿಬ್ಬಣದ ಹಾಗೆ ಪಂಚಾಯತಿನ ಗಾಡಿ ಹತ್ತಿದವು.

ಉಳಿದದ್ದು ಹಳೆಯ ಮನೆ. ಹಂಚನ್ನು ಶೀನ ಕೋಳಿಗೂಡಿನ ಮಾಡಿಗೆ ಕೇಳಿದ, ಕೊಟ್ಟೆ. ಕಲ್ಲಿನ ತೊಟ್ಟಿ ಮೇಲಿನ ಮನೆಯ ದನಕ್ಕೆ ನೀರು ಕುಡಿಯಲಿಕ್ಕೆ ಹೋಯಿತು. ಅರೆಯುವ ಕಲ್ಲನ್ನು ಅವರೇ ಕೇಳಿ ಒಯ್ದರು. ದಾರಂದವನ್ನು ಕೇಳಿದವಳು ಗುಲಾಬಿಯಕ್ಕ. ಅವಳದೂ ಮರವಂತೆಯ ದಂಡೆಯ ಮನೆಯೇ. ಕಡಲು ಅವಳ ಅಂಗಳಕ್ಕೂ ಬಂದಾಗಿತ್ತು. ಈಗ ಒಳಗಡೆ ಸಣ್ಣ ಜಾಗದಲ್ಲಿ ಮನೆ ಏಳುತ್ತಿತ್ತು, ಬಾಗಿಲಿಗೆ ಮರ ಆಗಿರಲಿಲ್ಲ. ಕೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಮೀನಿನ ಬುಟ್ಟಿಯ ಕಡೆ ನೋಡುತ್ತ ಕೇಳಿದಳು. ನಾನು ದಾರಂದದ ಮೇಲೆ ಕೈಯಿಟ್ಟೆ. ಅದರ ಎಡಗಾಲಿನಲ್ಲಿ ನನ್ನ ಎತ್ತರ ಗುರುತಿಸಲಿಕ್ಕೆ ಅಪ್ಪಯ್ಯ ಕತ್ತಿಯಿಂದ ಗೀರಿದ ಗೆರೆಗಳಿದ್ದವು. ‘ಮತ್ತೆ ಕಟ್ಟಲಿಕ್ಕಾಗುತ್ತದೆ’ ಅಂದಿದ್ದರು ಅಪ್ಪಯ್ಯ. ನಾವೇ ಕಟ್ಟಬೇಕೆಂದೇನೂ ಹೇಳಿರಲಿಲ್ಲವಲ್ಲ! “ಕೊಂಡ್ಹೋಗ್ ಅಕ್ಕಾ” ಅಂದೆ. ಸ್ವರ ಸ್ವಲ್ಪ ಬೇರೆಯಾಗಿ ಬಂತು. ಸೋಪಿನ ನೀರು ಮೂಗಿಗೆ ಹೋದದ್ದೆಂದು ಹೇಳಿದೆ.

ಕೊನೆಗೆ ದೋಣಿ. ತೆಂಗಿನ ಮರಗಳ ನಡುವೆ ಮಗುಚಿ ಬಿದ್ದಿತ್ತು. ಜಲಜ ಅದರ ಕಡೆ ತಿರುಗಿದ ಕೂಡಲೇ ನಾನು ಅವಳನ್ನು ಬದಿಗೆ ಕರೆದು, “ಏನು ಬೇಕಾದರೂ ತೆಗಿ, ಅದೊಂದನ್ನು ಮುಟ್ಟಬೇಡ. ಅದು ಅಬ್ಬಿಯ ಜೀವ. ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡುತ್ತಾಳೆ” ಎಂದು ಪಿಸುಗುಟ್ಟಿದೆ. ಬಸ್ಸಿನಲ್ಲಿ ಕೂಗಿ ಕೂಗಿ ನನಗೆ ಪಿಸುಗುಟ್ಟಲು ಬರುವುದಿಲ್ಲವೆಂಬುದು ಮರೆತುಹೋಗಿತ್ತು.

“ನನ್ ಜೀವವಾ?” ಅಂದಳು ಅಬ್ಬಿ ಕುರ್ಚಿಯಿಂದ. “ಯಾರ್ ಹೇಳ್ದ್ ನಿಂಗೆ?”

“ಅಪ್ಪಯ್ಯನ ದೋಣಿ ಅಲ್ವಾ ಅಬ್ಬಿ...”

“ಹೌದ್, ಅಪ್ಪಯ್ಯಂದೇ. ಅದ್ ಕಡ್ಲಂಗೆ ಇಪ್ಪ ಹೊತ್ತಿಗೆ ನಂಗೆ ಅನ್ನ ಗಂಟ್ಲಗ್ ಇಳೀತಿರ್ಲಿಲ್ಲ, ಮಗಾ. ಗಾಳಿ ಬಂದ್ರೆ ದಂಡಿ ಮೇಲೆ ಹೋಯ್ ನಿಂತ್ಕಂಬುದ್. ಕಪ್ಪ್ ಚುಕ್ಕಿ ಕಂಡ್ರೆ ಇದೇಯಾ, ಬೇರೆಯವ್ರದ್ದಾ ಅಂದೇಳಿ ಕಾಂಬುದ್. ಅದ್ನ ಇಲ್ಲಿ ತಂದ್ ಮಗ್ಚಿ ಹಾಕ್ದ ದಿವ್ಸ ನಾನ್ ಹೊಟ್ಟಿ ತುಂಬ ಉಂಡದ್ದ್. ಬೆಳಿಗ್ಗೆ ಎದ್ದ್ ಕಾಂಬುದ್ ಎಂತಕ್ಕೆ? ಶೀನನ ಕೋಳಿ ಅದ್ರ ಅಡಿಗ್ ಮೊಟ್ಟಿ ಇಟ್ಟಿತ್ತಾ ಅಂದೇಳಿ.”

ಶೀನ ಬೆಚ್ಚಿಬಿದ್ದ. ಅವನ ಕೋಳಿ ಮೊಟ್ಟೆ ಎಲ್ಲಿ ಇಡುತ್ತದೆಂಬುದು ಅವನಿಗೆ ಬಹುಕಾಲದ ಸಂಶಯ.

“ಹಾಂಗಾರೆ ತೆಗ್ಸಿ ಅಂದೇಳಿ ಹೇಳ್ಲಿಲ್ಲೆ ಎಂತಕ್ಕೆ?” ಎಂದು ಜಲಜ ಕೇಳಿದಳು.

“ಅವ್ನಿಗ್ ಅದ್ ಜೀವ ಅಲ್ದಾ? ಬೇಜಾರ್ ಮಾಡ್ಕಂತ ಅಂದೇಳಿ ಸುಮ್ನಿದ್ದೆ” ಅಂದಳು ಅಬ್ಬಿ.

ಅಂದರೆ ಇಷ್ಟು ವರ್ಷ ನಾನು ಅವಳಿಗಾಗಿ ಅದನ್ನು ಕಾದೆ, ಅವಳು ನನಗಾಗಿ ಅದನ್ನು ಸಹಿಸಿದಳು. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಗಂಜಿ ಉಂಡುಕೊಂಡು, ಒಂದು ಮಾತು ಕೇಳದೆ. ನಾನು ಅಬ್ಬಿಯ ಪಕ್ಕ ಹೊಸ್ತಿಲ ಮೇಲೆ ಕೂತೆ. ಅವಳು ಎಲೆಯೊಂದಕ್ಕೆ ಸುಣ್ಣ ಹಚ್ಚಿ ನನ್ನ ಕೈಗಿಟ್ಟಳು. ದಂಡೆಯಲ್ಲಿ ಅವಳ ಸೆರಗು ಹಿಡಿದು ನಿಂತ ನೆನಪು ನನಗೂ ಇತ್ತು. ಅವಳು ಕಡಲು ನೋಡಲಿಕ್ಕೆ ಕರೆದುಕೊಂಡು ಬಂದಿದ್ದಾಳೆಂದು ತಿಳಿದು ನಾನು ಚಿಪ್ಪು ಹೆಕ್ಕುತ್ತಿದ್ದೆ.

ದೋಣಿ ಎತ್ತುವುದೆಂದಾಯಿತು. ನಾನೂ ಶೀನನೂ ಎರಡು ತುದಿ ಹಿಡಿದು ‘ಏಲೇಸಾ’ ಅಂದದ್ದೇ ತಡ, ನನ್ನ ಕಡೆಯ ತುದಿ ಹಪ್ಪಳದ ಹಾಗೆ ಕೈಗೆ ಬಂತು. ಒಳಗೆಲ್ಲ ಗೆದ್ದಲು. ನಾನು ಜೋಪಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದ ದೋಣಿ, ನನ್ನನ್ನು ಕೇಳದೆ, ಸುಡದೆ, ಹುಗಿಯದೆ, ಹೊಳೆಗೂ ಹೋಗದೆ, ಜಲಜಳ ಸಂಘದ ಪ್ರತಿಜ್ಞೆಯನ್ನು ಅಕ್ಷರಶಃ ಪಾಲಿಸಿ ಮುಕ್ಕಾಲು ಮಣ್ಣಾಗಿ ಹೋಗಿತ್ತು. ಅಡಿಯಲ್ಲಿ ಕಪ್ಪು ಹುಡಿಮಣ್ಣು, ಮುಷ್ಟಿಯಲ್ಲಿ ಹಿಡಿದರೆ ಅವಲಕ್ಕಿಯ ಹಾಗೆ ಉದುರುತ್ತಿತ್ತು. ಎರೆಹುಳಗಳು, ಒಂದು ಮೂಲೆಯಲ್ಲಿ ಶೀನನ ಕೋಳಿಯ ಎರಡು ಮೊಟ್ಟೆಗಳು. ಜಲಜ ಮಣ್ಣು ಮೂಸಿ ನೋಡಿ, “ಇದ್ ಚಿನ್ನ” ಅಂದಳು. ಉಳಿದ ಮರವನ್ನೂ ಅಲ್ಲೇ ಬಿಟ್ಟು ತರಗೆಲೆ ಮುಚ್ಚಿದೆವು. ಅಬ್ಬಿ ಕೋಲೂರಿಕೊಂಡು ಬಂದು ತನ್ನ ಕೈಯಿಂದಲೇ ಬಸಳೆಯ ತುಂಡು ಚುಚ್ಚಿದಳು. ಕೆಲವೇ ವಾರದಲ್ಲಿ ಅದು ಹಬ್ಬಿದ ರೀತಿ ನೋಡಿದರೆ ಅಪ್ಪಯ್ಯನ ದೋಣಿ ಕಡಲಿನಲ್ಲೂ ಅಷ್ಟು ವೇಗ ಹೋದದ್ದು ಕಾಣೆ. ಬಸಳೆಗೆ ಸಿಗಡಿ ಹಾಕಿದ ಸಾರು ಉಂಡ ದಿನ ಅಬ್ಬಿ ಎರಡನೆಯ ಬಾರಿ ಬಡಿಸಿಕೊಂಡಳು.

ಹಿತ್ತಿಲು ಖಾಲಿಯಾಯಿತು. ಹಿಂಬಾಗಿಲು ತೆರೆದರೆ ಈಗ ಪಾಗಾರದವರೆಗೆ ಕಣ್ಣು ಹೋಗುತ್ತದೆ. ಎಲ್ಲರೂ ಹೊಗಳಿದರು. ನನಗೆ ಮಾತ್ರ ರಜೆಯ ದಿನದ ಬಸ್‌ಸ್ಟಾಂಡಿನಲ್ಲಿ ನಿಂತ ಹಾಗೆ ಆಗುತ್ತಿತ್ತು. ಒಂದು ಸಂಜೆ ಸುಮ್ಮನೆ ಶೀನನ ಮನೆಗೆ ಹೋದೆ. ಕೋಳಿಗೂಡಿನ ಮಾಡಿನ ಮೇಲೆ ನಮ್ಮ ಹಂಚುಗಳು ಕೂತಿದ್ದವು. ಒಂದು ಓರೆಯಾಗಿತ್ತು, ಸರಿಮಾಡಿದೆ. ಮರುದಿನ ಮೇಲಿನ ಮನೆಗೆ ಹೋಗಿ ದನ ನೀರು ಕುಡಿಯುವುದನ್ನು ನೋಡಿದೆ. ಅರೆಯುವ ಕಲ್ಲಿನ ಮೇಲೆ ಅವರು ಮೆಣಸು ಅರೆಯದೆ ಹೂಕುಂಡ ಇಟ್ಟದ್ದು ಕಂಡು ಎರಡು ಮಾತು ಹೇಳಿಯೂ ಬಂದೆ. ಗುಲಾಬಿಯಕ್ಕನ ಹೊಸ ಮನೆಯ ಒಕ್ಕಲಿನ ಪೂಜೆಗೆ ಎಲ್ಲರೂ ಹೋಗಿದ್ದೆವು. ಆ ದಾರಂದ ಸ್ವಲ್ಪ ಗಿಡ್ಡ. ಅಬ್ಬಿ ಯಾರೂ ಹೇಳದೆಯೇ ತಲೆ ತಗ್ಗಿಸಿ ಒಳಗೆ ಹೋದಳು. ಅದರಡಿಯಲ್ಲೇ ಬೆಳೆದ ನಾನು ಹಣೆ ಬಡಿದುಕೊಂಡೆ. ನೋವಿಗೆ ಕಣ್ಣಲ್ಲಿ ನೀರು ಬಂತೆಂದು ಗುಲಾಬಿಯಕ್ಕ ತೆಂಗಿನೆಣ್ಣೆ ತಂದು ಹಚ್ಚಿದಳು. ನಾನು ಬೇಡ ಅನ್ನಲಿಲ್ಲ.

ಈಗ ಅದೊಂದು ಕ್ರಮವೇ ಆಗಿಹೋಗಿದೆ. ಬಿಸಿಲು ಇಳಿದ ಕೂಡಲೇ ಒಂದೊಂದು ದಿನ ಒಂದೊಂದು ಮನೆ. ಮೊನ್ನೆ ಶೀನ ಗೂಡಿನ ಹತ್ತಿರ ನಿಂತ ನನ್ನನ್ನು ಕಂಡು, “ಹ್ವಾಯ್ ಕಂಡಕ್ಟ್ರೇ, ನಮ್ಮನ್ ಕಾಂಬುಕ್ ಬಂದ್ರ್ಯಾ, ಹಂಚ್ ಕಾಂಬುಕ್ ಬಂದ್ರ್ಯಾ?” ಎಂದು ಕೇಳಿದ. ಹಂಚು ನೋಡಲಿಕ್ಕೆ ಎಂದು ನಿಜವನ್ನೇ ಹೇಳಿದೆ. ಆದರೂ ಚಹಾ ಬಂತು, ಅವಲಕ್ಕಿ ಬಂತು, ಪೇಟೆಯ ಸುದ್ದಿ ಎಲ್ಲ ಬಂತು. ಕೆಲಸ ಬಿಟ್ಟ ಮೇಲೆ ಜಗಲಿ ಬಿಟ್ಟು ಇಳಿಯದವನಿಗೆ ಇಷ್ಟು ಮನೆಗಳ ಚಹಾದ ರುಚಿ ಹತ್ತಿದೆ.

ನಿನ್ನೆ ಸಂಜೆ ಹೊರಡಲೆಂದು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗೆ ಜಲಜ ಬ್ರಹ್ಮಾವರದ ತಂಗಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು. “ಹೌದೇ, ಪೂರಾ ಖಾಲಿ. ಒಂದ್ ದೊಡ್ಡ್ ಸಾಮಾನ್ ಮಾತ್ರ ಇಡೀ ದಿವ್ಸ ಜಗ್ಲಿ ಮೇಲೆ ಬಿದ್ಕಂಡಿತ್ತಲ್ದಾ, ಅದಕ್ಕೆ ಎಂತ ಮಾಡುದ್ ಅಂದೇಳಿ ಗೊತ್ತಾಯ್ತಿರ್ಲಿಲ್ಲ. ಈಗ ಸಂಜಿಯಾದ್ರೆ ಅದೂ ತನ್ನಷ್ಟಿಗೇ ಹೊರ್ಗ್ ಹೋತ್ತ್. ಗಾಡಿಗ್ ಹೇಳುದೂ ಬೇಡ!”

ಅಬ್ಬಿಯ ನಗು ಕೇಳಿಸಿತು. ಉತ್ತರ ಕೊಡೋಣವೆಂದು ಬಾಗಿಲವರೆಗೆ ತಿರುಗಿದೆ. ಆದರೆ ಗುಲಾಬಿಯಕ್ಕನ ಮನೆಯಲ್ಲಿ ಚಹಾ ತಣಿಯುತ್ತದೆಂದು ನೆನಪಾಗಿ ಹೊರಟುಬಿಟ್ಟೆ. ಕತ್ತಲಾಗುವ ಮೊದಲು ಆ ಸಾಮಾನು ಮರಳಿ ಬಂದು ಊಟಕ್ಕೆ ಕೂತದ್ದನ್ನು ಮಾತ್ರ ಅವಳು ತಂಗಿಗೆ ಹೇಳಿದಂತಿಲ್ಲ.